ಹಾಲಿನ ಪಾಲು

ಬಯಲುಸೀಮೆಯ ಸಣ್ಣ ಒಕ್ಕಲಮನೆಯಲ್ಲಿ ಆಡಿಗೂ ಮಕ್ಕಳಿಗೂ ಒಂದೇ ಅಂಗಳ. ಆಡಿನ ಕೆಚ್ಚಲಿಗೆ ಮೊಲೆಗಳೆರಡು. ಈಯುವ ಮರಿಗಳೂ ಹಲವು ವೇಳೆ ಎರಡು. ಐದು ತಿಂಗಳು ಗರ್ಭವನ್ನು ಹೊತ್ತ ಆಡು ಹಾಲಿಳಿಸುವುದು ತನ್ನ ಮರಿಗಳಿಗಾಗಿ. ಅದರಲ್ಲಿ ಮನೆಯ ಕೂಸಿಗೆ ಪಾಲುಂಟೆ?

ಮೇವು ಹಾಕಿದವರಿಗೆ ಹಕ್ಕುಂಟೆಂಬುದು ಸುಲಭವಾದ ಉತ್ತರ. ಆದರೆ ಸೊಪ್ಪಿಗೆ ಬದಲಾಗಿ ಮರಿಯ ಹಾಲನ್ನು ಮಾರಲು ಆಡು ಒಪ್ಪಿದುದಿಲ್ಲ. 1912ರಲ್ಲಿ ಹಾಲನ್ನು ತ್ಯಜಿಸಿದ ಗಾಂಧೀಜಿಯವರು ಮುಂದೆ ಕಾಯಿಲೆಯಲ್ಲಿ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಮಾತು ಉಳಿದರೂ ಭಾವ ಉಳಿಯಲಿಲ್ಲವೆಂದು ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡರು. ಪರರ ಪಾಲನ್ನು ಮುಟ್ಟದೆ ಬದುಕುವುದು ಅಷ್ಟು ಕಠಿನ. ಹಾಗೆಂದು ಎಲ್ಲವೂ ಸಮ್ಮತವೆನ್ನುವುದು ಸಲ್ಲದು.

ಇಲ್ಲಿ ಮಿತಿಯೇ ಧರ್ಮ. ಗಿಣ್ಣುಹಾಲು ಮರಿಯ ಪ್ರಾಣ. ಅದು ಮರಿಗೇ ಮೀಸಲು. ಬಳಿಕವೂ ಮರಿ ಕುಡಿದು ತಣಿದ ಮೇಲೆ ಉಳಿದುದಷ್ಟೇ ಮನೆಯದು. ಮೇವೊಣಗಿದ ಬೇಸಗೆಯಲ್ಲಿ ಏನೂ ಉಳಿಯದಿರಬಹುದು. ನಿಯಮದ ಪರೀಕ್ಷೆ ಆಗಲೇ. ತಾಯಿಯು ಅಳುವ ಕೂಸಿಗೆ ರಾಗಿಯ ಗಂಜಿಯನ್ನು ಕಾಯಿಸಿ, ಮರಿಯ ಪಾಲನ್ನು ಮರಿಗೆ ಬಿಟ್ಟರೆ, ನೋಡುತ್ತಿರುವ ಹಿರಿಯ ಮಕ್ಕಳು ನ್ಯಾಯವನ್ನು ಪುಸ್ತಕವಿಲ್ಲದೆಯೇ ಕಲಿಯುವರು. ಕೂಸಿಗೆ ಗಂಜಿಯಾದರೂ ಉಂಟು. ಎಳೆಮರಿಗೆ ಬೇರೆ ಗತಿಯಿಲ್ಲ.