ತಾಳಿಕೊಳ್ಳುವುದು ಬೇರೆ, ಮುಚ್ಚಿಡುವುದು ಬೇರೆ





ನಮ್ಮ ಎಷ್ಟೋ ಮಕ್ಕಳು ಇಂದು ಕಬಡ್ಡಿ, ಓಟ, ಕುಸ್ತಿಯಲ್ಲಿದ್ದಾರೆ. ಪಂದ್ಯದ ದಣಿವಿಗೆ ಸ್ಪೋರ್ಟ್ಸ್ ಮಸಾಜ್ ಮಾಡಿಸಿಕೊಳ್ಳುತ್ತಾರೆ. ಕೋಚ್ ಹೇಳಿದ್ದಾರೆ, ಥೆರಪಿಸ್ಟ್ ಬಲ್ಲವರು, ನಾವು ಹಲ್ಲು ಕಚ್ಚಿ ಮಲಗಿದರೆ ಸಾಕು ಎಂದುಕೊಳ್ಳುತ್ತಾರೆ. ಈ ಮೌನ ಒಪ್ಪಿಗೆಯೇ?

ಅಲ್ಲ. ಎಲ್ಲಿ ಮುಟ್ಟುತ್ತೇನೆ, ಎಷ್ಟು ಒತ್ತುತ್ತೇನೆ, ಆಮೇಲೆ ಏನಾಗಬಹುದು, ಬೇಡವೆಂದರೆ ನಿಲ್ಲಿಸುತ್ತೇನೆ ಎಂದು ಥೆರಪಿಸ್ಟ್ ಮೊದಲೇ ಹೇಳಬೇಕು. ಅದನ್ನು ತಿಳಿದು ಕೊಟ್ಟದ್ದೇ ಒಪ್ಪಿಗೆ. ಬೆನ್ನಿಗೆ ಕೊಟ್ಟ ಒಪ್ಪಿಗೆ ತೊಡೆಗೆ ಸಲ್ಲದು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟಂತಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರೊಬ್ಬರ ಪ್ರಕರಣದಲ್ಲಿ ಹೇಳಿದೆ.

ಮಾಡಿಸಿಕೊಳ್ಳುವವರಿಗೂ ಹೊಣೆಯಿದೆ. ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಅತಿಸಾರದಿಂದ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವಿಗೆ ಬುದ್ಧರು ನೀರು ಹುಯ್ದರು, ಆನಂದರು ಮೈ ತೊಳೆದರು, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಬುದ್ಧರು ಆರೈಕೆ ಮಾಡುವವರ ಗುಣಗಳ ಜೊತೆಗೆ ರೋಗಿಯ ಐದು ಗುಣಗಳನ್ನೂ ತಿಳಿಸಿದರು: ಹಿತವಾದುದನ್ನು ಮಾಡುವುದು, ಹಿತದಲ್ಲೂ ಮಿತಿ ಅರಿಯುವುದು, ಔಷಧ ಸೇವಿಸುವುದು, ಕಾಯಿಲೆಯನ್ನು ಇದ್ದಂತೆ ಹೇಳುವುದು, ನೋವನ್ನು ತಾಳಿಕೊಳ್ಳುವುದು.

ಆಟಗಾರರು ಐದನೆಯದನ್ನು ಹಿಡಿದು ನಾಲ್ಕನೆಯದನ್ನು ಬಿಡುತ್ತಾರೆ. ನೋವಿನ ಮಾತ್ರೆ ನುಂಗಿ ಬಂದದ್ದನ್ನು ಹೇಳದಿದ್ದರೆ ಒತ್ತಡ ಮಿತಿ ಮೀರಿದ್ದು ಇಬ್ಬರಿಗೂ ತಿಳಿಯುವುದಿಲ್ಲ. ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದಾಗ ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಮೊದಲು ವೈದ್ಯರಿಗೆ ತೋರಿಸಬೇಕು. ಪಂದ್ಯ ತಪ್ಪೀತೆಂದು ಗಾಯವಿಲ್ಲ ಎನ್ನುವುದು ಸುಳ್ಳೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡೆನು ಎಂಬುದೂ ಇದೆ.

ಆದರೆ ಹೆದರಿ ಸುಮ್ಮನಿದ್ದ ಮಗುವಿನ ಮೇಲೆ ಈ ಹೊಣೆ ಹೊರಿಸಬಾರದು. ಅಲ್ಲಿ ತಪ್ಪು ಕೇಳದೆ ಮುಟ್ಟಿದವರದೇ.

ನಮ್ಮ ಮೈಯನ್ನು ಮುಟ್ಟಬಾರದ್ದು ಎಂದವರೇ ಅದೇ ಮೈಯನ್ನು ಕೇಳದೆ ದುಡಿಸಿಕೊಂಡರು. ಬಾಯಿ ಮುಚ್ಚಿ ತಾಳಿಕೊಳ್ಳುವುದೇ ಒಳ್ಳೆಯ ಗುಣವೆಂದು ನಂಬಿಸಿದರು. ಆ ಪಾಠ ಹೊಲದಿಂದ ಆಟದ ಮೈದಾನಕ್ಕೂ ನಮ್ಮ ಜೊತೆ ಬಂದಿದೆ. ನನ್ನ ಮೈಯನ್ನು ಎಲ್ಲಿ, ಹೇಗೆ ಮುಟ್ಟಬಹುದೆಂದು ನಾನೇ ಹೇಳುವುದು ಸೊಕ್ಕಲ್ಲ, ಸ್ವಾಭಿಮಾನ.

ಇಂದು ಮನೆಯ ಮಕ್ಕಳಿಗೆ ಮೂರು ಮಾತು ಹೇಳಿಕೊಡೋಣ: "ಇಲ್ಲಿ ನೋವಿದೆ." "ಏನು ಮಾಡುತ್ತೀರಿ?" "ಸಾಕು, ನಿಲ್ಲಿಸಿ." ಮೂರನೆಯದನ್ನು ಅವರು ನಮಗೇ ಹೇಳಿದಾಗ ನಾವೂ ನಿಲ್ಲಿಸೋಣ.

ಜೈ ಭೀಮ್.