ಏಳು ಪಾಯಿಂಟ್ ಎರಡು

ಎಂ.ಎಸ್ಸಿ. ಭೌತಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಎಲ್‌ಇಡಿ ಹೊತ್ತಿಸಿ ಪ್ಲಾಂಕ್ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗವೊಂದಿದೆ. ಪುಸ್ತಕದಲ್ಲಿರುವ ಬೆಲೆ 6.63, ಹತ್ತರ ಮೈನಸ್ 34ನೇ ಘಾತದ ತಂಟೆ ಈಗ ಬೇಡ. ಹುಡುಗನಿಗೆ ಬಂದದ್ದು 7.2. ರಬ್ಬರ್ ಹೊರಬರುತ್ತದೆ, ಎರಡು ವೋಲ್ಟೇಜ್ ತುಸು ಇಳಿಯುತ್ತವೆ, ರೆಕಾರ್ಡಿನಲ್ಲಿ 6.6 ಕೂರುತ್ತದೆ. ಸಿಂಧನೂರಿನವನಿರಲಿ, ಬೆಂಗಳೂರಿನವನಿರಲಿ, ಯಾರೂ ಹೇಳಿಕೊಡದೆ ಬರುವ ವಿದ್ಯೆ ಇದು.

ಆ 7.2 ಸುಳ್ಳಲ್ಲ. ಎಲ್‌ಇಡಿ ಮಿಣಕ್ ಎಂದಾಗಿನ ವೋಲ್ಟೇಜ್ ಬರೆದುಕೊಳ್ಳಬೇಕು. ನಮ್ಮ ಕಡೆಯ ಬಿಸಿಲು ಕಿಟಕಿಯಿಂದ ನುಗ್ಗುವ ಕೋಣೆಯಲ್ಲಿ ಆ ಮಂದ ಬೆಳಕು ಕಣ್ಣಿಗೆ ಬೀಳುವಷ್ಟರಲ್ಲಿ ವೋಲ್ಟೇಜ್ ಮೇಲೇರಿರುತ್ತದೆ. ಕಿಟಕಿ ಮುಚ್ಚಿ, ಎಲ್‌ಇಡಿಗೆ ಕಪ್ಪು ಕಾಗದದ ಕೊಳವೆ ಸಿಕ್ಕಿಸಿ ಮತ್ತೆ ಅಳೆದರೆ ಸಂಖ್ಯೆ ಇಳಿಯುತ್ತದೆ. ಎಷ್ಟು ಇಳಿಯಿತು, ಅಷ್ಟೇ ಏಕೆ ಎಂದು ಕೇಳಿಕೊಂಡವನು ಆಗಲೇ ಸಂಶೋಧನೆಗೆ ಕೈಹಾಕಿದ ಹಾಗೆ. ಗೋಲ್ಡ್‌ಸ್ಟೈನ್, ಜಾಕ್ಸನ್ ಪುಸ್ತಕಗಳ ಲೆಕ್ಕ ಬಿಡಿಸುತ್ತ, ಇಂಥದ್ದೊಂದನ್ನೂ ಕೇಳದೆ ಪದವಿ ಮುಗಿಸಲೂಬಹುದು.

ಬಯಸದೆ ಬಂದ ಉತ್ತರವನ್ನು ಅಳಿಸದೆ ಓದಿದ ಉದಾಹರಣೆ ಗಣಿಗಳಲ್ಲೇ ಇದೆ. ಲಿಂಗಸುಗೂರು ತಾಲ್ಲೂಕಿನವರಿಗೆ ಗಣಿ ಎಂದರೆ ಹಟ್ಟಿ, ಹಟ್ಟಿ ಎಂದರೆ ನೌಕರಿ. ಆದರೆ ಕೋಲಾರದ ಚಿನ್ನದ ಗಣಿ ಪ್ರಯೋಗಶಾಲೆಯೂ ಆಗಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು, ಆಳಕ್ಕೆ ಇಳಿದಂತೆ ಮ್ಯುಯಾನ್ ಕಣಗಳು ಹೇಗೆ ಕಡಿಮೆಯಾಗುತ್ತವೆ ಎಂದು ಅಳೆದರು. 1960ರ ದಶಕದ ಆರಂಭದಲ್ಲಿ ಇನ್ನೂ ಆಳದಲ್ಲಿ ಉಪಕರಣವಿಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯುಯಾನೂ ಬರಲಿಲ್ಲ. ನಮ್ಮ ರೆಕಾರ್ಡ್ ಪುಸ್ತಕದ ಲೆಕ್ಕದಲ್ಲಿ ಅದು ಫೇಲಾದ ಪ್ರಯೋಗ. ವಿಜ್ಞಾನಿಗಳು ಆ ಸೊನ್ನೆಯನ್ನು ಓದಿದ್ದೇ ಬೇರೆ: ಬೇರೆ ಕಣಗಳ ಗದ್ದಲವೇ ಇಲ್ಲದ ಇಲ್ಲಿ ನ್ಯೂಟ್ರಿನೊ ತನ್ನ ಗುರುತು ಬಿಟ್ಟರೆ ಸಿಕ್ಕೀತು. 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅದೇ ಗಣಿಯಲ್ಲಿ ಸಿಕ್ಕಿತು. ಮಸ್ಕಿಯಲ್ಲೂ ಅಷ್ಟೇ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು ಅಶೋಕನ ಹೆಸರಿದ್ದ ಶಾಸನ. ಚಿನ್ನವಲ್ಲವಲ್ಲ ಎಂದು ಆತ ದಾಟಿಹೋಗಲಿಲ್ಲ.

"ಖರೇ ರೀಡಿಂಗ್ ಬರದ್ರ ಮಾರ್ಕ್ಸ್ ಹೋಗ್ತಾವಲ್ರೀ ಸರ" ಎನ್ನುವ ಹುಡುಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ಸಂಶೋಧನೆಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್‌ಗಾಗಿ ನೆಟ್ ಪರೀಕ್ಷೆ ಬರೆಯಬೇಕೆಂದರೆ ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ ಬೇಕು. ಅವನ ಕೈಗೆ ರಬ್ಬರ್ ಕೊಟ್ಟವರು ಅಂಕ ಹಾಕುವ ನಾವೇ. ವೈವಾದಲ್ಲಿ ಪ್ಲಾಂಕ್ ಹುಟ್ಟಿದ ವರ್ಷ ಕೇಳುವುದನ್ನು ಬಿಟ್ಟು, "7.2 ಯಾಕ ಬಂತಪಾ?" ಎಂದು ಕೇಳಿ, ಆ ಉತ್ತರಕ್ಕೇ ಐದು ಅಂಕ ಇಡಬಹುದು. ಅದಕ್ಕೆ ಹೊಸ ಲ್ಯಾಬೂ ಬೇಡ, ಅನುದಾನವೂ ಬೇಡ.