ಒಲವೋ, ಆಯ್ಕೆಯೋ?

ಮನುಷ್ಯನ ಮನಸ್ಸು ಒಂದು ವಸ್ತುವಿನ ಕಡೆಗೆ ಹೋಗುವುದು ಅವನು ಮಾಡುವ ಕ್ರಿಯೆಯೋ, ಅಥವಾ ಅವನಿಗೆ ಒದಗಿಬರುವ ಸ್ಥಿತಿಯೋ? ಈ ಪ್ರಶ್ನೆ ಬಹಳ ಹಳೆಯದು. ಊರು ಬಿಟ್ಟು ನಗರಗಳಲ್ಲಿ ನೆಲೆಸಿರುವ ನಾವು ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಆಯಾ ಪ್ರಾಂತದ ಭಾಷೆ, ಮನೆಯಲ್ಲಿ ಕನ್ನಡ ಎಂದು ದಿನವೂ ಭಾಷೆ ಬದಲಿಸುತ್ತ ಬಾಳುವವರು. ಮೇಲಿನ ಪ್ರಶ್ನೆಗೆ ನಾವು ಕೊಡುವ ಉತ್ತರವೂ ಭಾಷೆಯೊಡನೆ ಬದಲಾಗುವುದುಂಟು. ಆದ್ದರಿಂದ ನಾವು ನಿತ್ಯ ಬಳಸುವ ಕೆಲವು ಇಂಗ್ಲಿಷ್ ಕ್ರಿಯಾಪದಗಳನ್ನೇ ಹಿಡಿದುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ.

‘ಅಟ್ರಾಕ್ಟ್’ ಎಂಬ ಪದದ ಲ್ಯಾಟಿನ್ ಮೂಲಕ್ಕೆ ‘ತನ್ನೆಡೆಗೆ ಎಳೆ’ ಎಂದು ಅರ್ಥ. ಎಳೆಯುವುದು ವಸ್ತು, ಮನುಷ್ಯನು ಎಳೆಯಲ್ಪಡುವವನು. ‘ಗ್ರಾವಿಟೇಟ್’ ಎಂಬುದು ‘ಭಾರ’ ಎಂಬರ್ಥದ ಮೂಲದಿಂದ ಬಂದದ್ದು. ಕಳಚಿದ ಕಲ್ಲು ನೆಲಕ್ಕೆ ಬೀಳುವಂತೆ ಮನಸ್ಸು ತನ್ನ ಭಾರದಿಂದಲೇ ಅತ್ತ ಸರಿಯಿತೆಂಬುದು ಅದರ ಭಾವ. ‘ಇನ್‌ಕ್ಲೈನ್’ ಎಂದರೆ ವಾಲುವುದು, ಬಾಗುವುದು. ‘ಟೆಂಡ್’ ಎಂದರೆ ಚಾಚಿಕೊಳ್ಳುವುದು. ಈ ಗುಂಪಿನಲ್ಲಿ ‘ಪ್ರಿಫರ್’ ಎಂಬ ಪದವೊಂದೇ ಬೇರೆಯಾಗಿ ನಿಲ್ಲುತ್ತದೆ. ಲ್ಯಾಟಿನ್ನಿನಲ್ಲಿ ಅದು ‘ಮುಂದೆ’ ಮತ್ತು ‘ಹೊರು’ ಎಂಬ ಎರಡು ಪದಗಳ ಕೂಡಿಕೆ. ಎರಡು ವಸ್ತುಗಳಲ್ಲಿ ಒಂದನ್ನು ಕೈಯಾರೆ ಎತ್ತಿ ಇನ್ನೊಂದರ ಮುಂದಕ್ಕೆ ಇಡುವುದೇ ಅದರ ಮೂಲಾರ್ಥ. ಅಲ್ಲಿ ಎತ್ತುವ ಕೈಯೊಂದು ಇರಲೇಬೇಕು. ಹಿಂದಕ್ಕೆ ಉಳಿದ ವಸ್ತುವೂ ಒಂದು ಇರಲೇಬೇಕು.

ಇನ್ನು ‘ಲೈಕ್’ ಎಂಬ ಪದದ ಕಥೆ ನಮಗೆ ಹತ್ತಿರದ್ದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಮನಸ್ಸಿಗೆ ಹಿಡಿಸು’ ಎಂಬರ್ಥವಿದ್ದು, ವಸ್ತುವೇ ಕರ್ತೃವಾಗಿತ್ತು. ಶೇಕ್ಸ್‌ಪಿಯರನ ಕಾಲದವರೆಗೂ ಆ ಪ್ರಯೋಗ ಅಲ್ಲಲ್ಲಿ ಉಳಿದಿತ್ತು. ಕ್ರಮೇಣ ವಾಕ್ಯ ತಿರುಗಿಬಿದ್ದು ‘ನಾನು’ ಎಂಬುದು ಕರ್ತೃಸ್ಥಾನಕ್ಕೆ ಬಂದಿತು. ಕನ್ನಡದಲ್ಲಾದರೋ ಇಂದಿಗೂ ‘ನನಗೆ ಹಿಡಿಸಿತು’, ‘ನನಗೆ ಮನಸ್ಸಾಯಿತು’ ಎನ್ನುತ್ತೇವೆ. ಸಂಸ್ಕೃತದಲ್ಲಿಯೂ ರುಚಿಸುವುದೆಂಬರ್ಥದ ಧಾತುಗಳ ಪ್ರಯೋಗದಲ್ಲಿ, ಯಾರಿಗೆ ಪ್ರೀತಿಯುಂಟಾಗುವುದೋ ಅವನಿಗೆ ಚತುರ್ಥೀ ವಿಭಕ್ತಿ ಬರುವಂತೆ ಪಾಣಿನಿ ವಿಧಿಸಿದ್ದಾನೆ. ರುಚಿಯೆಂಬುದು ನಾವು ಮಾಡುವಂಥದ್ದಲ್ಲ, ನಮಗೆ ಆಗುವಂಥದ್ದು ಎಂಬ ತಿಳಿವಳಿಕೆ ಈ ವ್ಯಾಕರಣದಲ್ಲಿ ಅಡಗಿದೆ. ಆದರೆ ‘ಆರಿಸಿದೆ’ ಎನ್ನುವಾಗ ಕನ್ನಡದಲ್ಲಿಯೂ ‘ನಾನು’ ಎಂದೇ ಹೇಳಬೇಕು. ಅಲ್ಲಿ ‘ನನಗೆ’ ಎಂಬುದು ಸಲ್ಲದು.

ಈ ಭೇದ ನನಗೆ ಗ್ರಂಥಗಳಿಂದ ತಿಳಿದದ್ದಲ್ಲ. ತಂದೆಯವರು ತೀರಿಕೊಂಡ ಮರುವರ್ಷ, 1996ರಲ್ಲಿ, ಧಾರವಾಡದ ಸಮೀಪದ ಹಳ್ಳಿಯಲ್ಲಿ ತಾಯಿಯವರು ಒಬ್ಬರೇ ಉಳಿದರು. ನಾನು ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಇದ್ದೆ, ಅಣ್ಣ ದಿಲ್ಲಿಯಲ್ಲಿದ್ದ. ಮುಂದೇನೆಂದು ಅವನು ಕೇಳಿದಾಗ, ಎಂದೂ ಕನ್ನಡದಲ್ಲಿಯೇ ಪತ್ರ ಬರೆಯುತ್ತಿದ್ದ ನಾನು ಅಂದು ಇಂಗ್ಲಿಷಿನಲ್ಲಿ ಬರೆದೆ. ತಾಯಿಯವರು ಊರಿನ ಕಡೆಗೇ ‘ಇನ್‌ಕ್ಲೈನ್ಡ್’ ಆಗಿದ್ದಾರೆ, ಆ ವಯಸ್ಸಿನವರು ಪರಿಚಿತ ಸ್ಥಳದತ್ತಲೇ ‘ಗ್ರಾವಿಟೇಟ್’ ಆಗುವುದು ಸಹಜ ಎಂದು ಒಕ್ಕಣಿಸಿದೆ. ಕಚೇರಿಯ ಕಡತಗಳಲ್ಲಿ ಪಳಗಿದ ಕೈಗೆ ಅಂಥ ವಾಕ್ಯಗಳು ಸಲೀಸಾಗಿ ಬಂದವು. ಅವುಗಳಲ್ಲಿ ‘ನಾನು’ ಎಂಬ ಪದ ಎಲ್ಲಿಯೂ ಇರಲಿಲ್ಲ.

ಅಣ್ಣ ಇನ್‌ಲ್ಯಾಂಡ್ ಪತ್ರದಲ್ಲಿ ಕನ್ನಡದಲ್ಲಿಯೇ ಉತ್ತರಿಸಿದ. ಕ್ಷೇಮಸಮಾಚಾರದ ಕೆಳಗೆ ಒಂದೇ ಸಾಲು: “ಅವರನ್ನ ಕೇಳಿದಿಯೇನು?” ಕೇಳಿರಲಿಲ್ಲ. ರಜೆ ಹಾಕಿ ಊರಿಗೆ ಹೋಗಿ ಕೇಳಿದೆ. ತಾಯಿಯವರು ಅಂದದ್ದು ಇಷ್ಟೇ: “ಊರು ನನಗ ಸೇರ್ತದ, ಖರೆ. ಆದ್ರ ನಿಮ್ಮ ಕೂಡ ಇರೂದು ಬ್ಯಾಡ ಅಂತ ನಾ ಯಾವಾಗ ಅಂದೆ?” ಅವರಿಗೆ ಊರಿನ ಒಲವಿದ್ದದ್ದು ನಿಜ. ಆದರೆ ಆಯ್ಕೆ ಅವರದಾಗಿರಲಿಲ್ಲ. ಮನೆಯ ಅನುಕೂಲವನ್ನು ತಾಯಿಯ ಮುಂದಕ್ಕೆ ಎತ್ತಿಟ್ಟ ಕೈ ನನ್ನದು. ಆ ಕೈಯನ್ನು ಮುಚ್ಚಿಡಲು ಅವರ ಒಲವನ್ನು ಬಳಸಿಕೊಂಡಿದ್ದೆ. ಅನಂತರ ಅವರು ಹನ್ನೊಂದು ವರ್ಷ ನಮ್ಮೊಡನೆ ಇದ್ದರು. ಇಕ್ಕಟ್ಟು ಇಕ್ಕಟ್ಟಾಗಿಯೇ ಉಳಿಯಿತು; ಮಾತಿಗೆ ಮಾತು ಬಂದ ದಿನಗಳೂ ಇದ್ದವು. ಅದನ್ನು ಮರೆಮಾಚುವುದು ಸರಿಯಲ್ಲ.

ಹಾಗಾದರೆ ಒಲವೆಂಬುದೇ ದೋಷವೇ? ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ, ಕೇವಲ ಒಲವಿನಿಂದ ಮಾಡಿದ ಕರ್ಮ ಎಷ್ಟೇ ಹಿತವಾಗಿದ್ದರೂ ಅದಕ್ಕೆ ನಿಜವಾದ ನೈತಿಕ ಮೌಲ್ಯವಿಲ್ಲ, ಕರ್ತವ್ಯವೆಂಬ ಭಾವನೆಯಿಂದ ಮಾಡಿದ್ದಕ್ಕೆ ಮಾತ್ರ ಅದು ಉಂಟು ಎಂದು ವಾದಿಸಿದ. ಒಲವಿಗೆ ಆತ ಬಳಸಿದ ಜರ್ಮನ್ ಪದಕ್ಕೂ ‘ಬಾಗುವಿಕೆ’ ಎಂದೇ ಮೂಲಾರ್ಥ. ಈ ಮಾತು ಕಠಿಣವೆನಿಸುತ್ತದೆ. ತಾಯಿ ಮಗುವನ್ನು ಎತ್ತಿಕೊಳ್ಳುವುದು ಒಲವಿನಿಂದಲೇ ಅಲ್ಲವೇ? ಇಲ್ಲಿ ಭಾಷೆಯೇ ನಮಗೆ ಒಂದು ಸಮಾಧಾನವನ್ನು ಸೂಚಿಸುತ್ತದೆ. ‘ಇನ್‌ಕ್ಲೈನ್’ ಎಂಬುದರ ಲ್ಯಾಟಿನ್ ಧಾತು, ವಾಲುವುದೆಂಬರ್ಥದ ಇಂಗ್ಲಿಷಿನ ‘ಲೀನ್’, ಸಂಸ್ಕೃತದ ‘ಶ್ರಿ’ ಧಾತು, ಇವು ಮೂರೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ‘ಆಶ್ರಯ’ ಎಂಬ ನಮ್ಮ ಶಬ್ದ ಆ ‘ಶ್ರಿ’ ಧಾತುವಿನಿಂದಲೇ ಹುಟ್ಟಿದ್ದು. ವಾಲುವುದು ಜೀವನ ಸ್ವಭಾವ. ಆಸರೆಯಿಲ್ಲದೆ ಯಾರೂ ನಿಲ್ಲಲಾರರು. ಯಾವುದಕ್ಕೆ ವಾಲಿದ್ದೇವೆ ಎಂಬುದನ್ನು ಅರಿತು, ಅದನ್ನು ನಮ್ಮದೆಂದು ಒಪ್ಪಿಕೊಳ್ಳುತ್ತೇವೆಯೇ ಎಂಬುದಷ್ಟೇ ಪ್ರಶ್ನೆ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು, ಪ್ರೇಯಸ್ಸು ಎಂಬ ಎರಡರ ವಿಚಾರ ಹೇಳುವ ಪ್ರಸಂಗ ಓದುಗರಿಗೆ ಪರಿಚಿತವೇ. ಎರಡೂ ಮನುಷ್ಯನ ಬಳಿಗೆ ತಾವಾಗಿಯೇ ಬರುತ್ತವೆ. ಅಲ್ಲಿಯವರೆಗಿನದು ಆಗುವಂಥದ್ದು, ‘ನನಗೆ’ ಎಂಬ ಚತುರ್ಥಿಯ ಕ್ಷೇತ್ರ. ಧೀರನು ಎರಡನ್ನೂ ವಿವೇಚಿಸಿ ಪ್ರೇಯಸ್ಸಿಗಿಂತ ಶ್ರೇಯಸ್ಸನ್ನು ವರಿಸುತ್ತಾನೆ. ಮಂದನು ಯೋಗಕ್ಷೇಮದ ಆಸೆಯಿಂದ ಪ್ರೇಯಸ್ಸನ್ನು ವರಿಸುತ್ತಾನೆ. ಗಮನಿಸಬೇಕಾದದ್ದು, ಇಬ್ಬರಿಗೂ ಅಲ್ಲಿ ‘ವೃಣೀತೇ’ ಎಂಬ ಒಂದೇ ಕ್ರಿಯಾಪದವಿದೆ. ಮಂದನು ಸೆಳೆಯಲ್ಪಟ್ಟನೆಂದಾಗಲಿ, ಜಾರಿದನೆಂದಾಗಲಿ ಶ್ರುತಿ ಅಲ್ಲಿ ಹೇಳುವುದಿಲ್ಲ. ಅವನೂ ಆರಿಸಿಕೊಂಡವನೇ. ಮನಸ್ಸು ವಾಲಿತೆಂಬ ನೆಪ ಅವನಿಗೂ ಇಲ್ಲ.

ಮಕ್ಕಳ ಓದು, ವೃದ್ಧರ ವಾಸ, ಸಮಯದ ವಿನಿಯೋಗ, ಇವುಗಳ ಬಗ್ಗೆ ನಗರವಾಸಿಗಳಾದ ನಾವು ದಿನವೂ ತೀರ್ಮಾನ ಮಾಡುತ್ತಿರುತ್ತೇವೆ. ‘ಏನೋ ಹಾಗೆ ಆಗಿಹೋಯಿತು’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆದು, ಆ ವಾಕ್ಯಕ್ಕೆ ‘ನಾನು’ ಎಂಬ ಕರ್ತೃಪದವನ್ನು ಸೇರಿಸಿ ನೋಡಿಕೊಳ್ಳೋಣ. ಆಗ ಅದು ಕೇಳಲು ಹಿತವಾಗಿರದಿದ್ದರೆ, ತಿದ್ದಬೇಕಾದದ್ದು ವಾಕ್ಯವನ್ನಲ್ಲ. ಹಿಂದಕ್ಕೆ ಉಳಿದವರನ್ನು ಹೋಗಿ ಕೇಳುವುದಕ್ಕೆ ಇನ್ನೂ ಸಮಯವಿರುವಾಗಲೇ ಆ ಬುದ್ಧಿ ನಮಗೆ ಒದಗಲಿ.